ಸದ್ದು ನಿಂತರೆ ಪೆಟ್ಟು

ಸ್ವಲ್ಪ ತಡೆಯಿರಿ, ಓದುವುದನ್ನು ನಡುವೆ ಬಿಟ್ಟು ಎದ್ದು ಹೋಗಬೇಡಿ. ನನ್ನ ಎಡಗಿವಿಯ ಹಿಂದೆ ನೆಲ್ಲಿಕಾಯಿಯಷ್ಟು ದಪ್ಪದ ಒಂದು ಬುಗುಟು ಇದೆ. ಅದು ಬಂದ ಕಥೆ ಈ ಬರಹದ ಕೊನೆಯ ಹತ್ತಿರ ಬರುತ್ತದೆ. ಈಗಲೇ ಹೇಳಿಬಿಟ್ಟರೆ ನೀವು ನಂಬುವುದಿಲ್ಲ, ಆದ್ದರಿಂದ ಕಾಯಬೇಕು. ಕಾಯುವಾಗ ದಾರಿಯುದ್ದಕ್ಕೂ ಬೇರೆ ಪೆಟ್ಟುಗಳು ಬೇಕಾದಷ್ಟಿವೆ, ಬೇಸರವಾಗಲಿಕ್ಕಿಲ್ಲ.

ನಾನು ಮೋಟಾರು ಕಲಿತದ್ದು ಯಾವ ಗುರುವಿನ ಹತ್ತಿರವೂ ಅಲ್ಲ. ಕೊಪ್ಪದಲ್ಲಿ ಒಬ್ಬ ಸಾಹುಕಾರರ ಬಸ್ಸು ಷೆಡ್ಡಿನಲ್ಲಿ ಗಾಡಿ ತೊಳೆಯುತ್ತಿದ್ದೆ. ಮೇಸ್ತ್ರಿ ಬಿಚ್ಚಿಟ್ಟ ಸಾಮಾನನ್ನೆಲ್ಲ ತೊಳೆದು ಒರೆಸುವ ನೆವದಲ್ಲಿ ತಿರುಗಿಸಿ ನೋಡುತ್ತಿದ್ದೆ; ಯಾವ ಹಲ್ಲು ಯಾವ ಹಲ್ಲಿಗೆ ಕಚ್ಚುತ್ತದೆ, ಯಾವುದು ತಿರುಗಿದರೆ ಯಾವುದು ನಿಲ್ಲುತ್ತದೆ ಎಂದು. ಗಾಡಿಯ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸಲು ಹೋದಾಗ ಅದು ಹಿಂದಕ್ಕೆ ಒದ್ದು ನನ್ನ ಹೆಬ್ಬೆರಳಿನ ಬುಡ ಮುರಿಯಿತು. ಹೆಬ್ಬೆರಳನ್ನು ಹಿಡಿಯ ಸುತ್ತ ಹಾಕಬಾರದು, ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು ಎನ್ನುವುದನ್ನು ಕಲಿಸಿದ್ದು ಆ ಮುರಿದ ಎಲುಬೇ. ರೇಡಿಯೇಟರಿನ ಬಿಸಿನೀರು ಮುಖಕ್ಕೆ ಹಾರಿತು, ಆ ಪಾಠವೂ ಆಯಿತು. ಮೋಟಾರು ಒದ್ದು ಕಲಿಸುತ್ತದೆ. ಆದರೂ ನನಗೆ ಅದರ ಮೇಲೆ ಹುಚ್ಚು ಪ್ರೀತಿ. ಈಗಲೂ ಇದೆ.

ಚಿಕ್ಕಮಗಳೂರಿಗೆ ಹೋಗಿ, ಪೊಲೀಸು ಸಾಹೇಬರ ಮುಂದೆ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ತೋರಿಸಿ, ಲೈಸನ್ಸು ತಂದೆ. ಆಗ ಯುದ್ಧದ ಕಾಲ. ಅನುಭವ ಇದ್ದ ಡ್ರೈವರುಗಳೆಲ್ಲ ಮಿಲಿಟರಿ ಲಾರಿಗೆ ಸೇರಿ ಹೋಗಿದ್ದರು. ಇಲ್ಲದಿದ್ದರೆ ಮೀಸೆ ಸರಿಯಾಗಿ ಮೂಡದ ನನ್ನ ಕೈಗೆ ಸಾಹುಕಾರರು ಹಸಿರು ಬಸ್ಸನ್ನು ಯಾಕೆ ಕೊಡುತ್ತಿದ್ದರು? ನರಸಿಂಹರಾಜಪುರದಿಂದ ಹೊರಟು ಕೊಪ್ಪ, ಹರಿಹರಪುರ ದಾಟಿ ಶೃಂಗೇರಿಗೆ. ಸಂಜೆ ಅದೇ ದಾರಿಯಲ್ಲಿ ವಾಪಸು, ರಾತ್ರಿ ಗಾಡಿ ಕೊಪ್ಪದ ಷೆಡ್ಡಿಗೆ.

ಪೆಟ್ರೋಲು ಆಗ ಕೂಪನ್ನಿಗೆ ಮಾತ್ರ ಸಿಗುತ್ತಿತ್ತು. ಶಿವಮೊಗ್ಗದ ಕಡೆ ಪೆಟ್ರೋಲಿನ ಬದಲು ಇದ್ದಿಲಿನ ಗ್ಯಾಸಿನಲ್ಲಿ ಓಡಿಸಲು ಕೆಲವು ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿದ್ದರು, ನಮ್ಮ ಗಾಡಿಗೆ ಅದು ಬಂದಿರಲಿಲ್ಲ. ಹಾಗಾಗಿ ನಮ್ಮ ಕಡೆಯ ಡ್ರೈವರುಗಳು ಒಂದು ವಿದ್ಯೆ ಕಂಡುಹಿಡಿದರು. ಏರು ಹತ್ತಿ ಮುಗಿದ ಕೂಡಲೇ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿ, ಇಂಜಿನ್ ಬಂದ್ ಮಾಡಿ, ಗಾಡಿಯನ್ನು ಇಳಿಜಾರಿಗೆ ಬಿಟ್ಟುಬಿಡುವುದು. ಇದಕ್ಕೆ ‘ತೇಲಿಸುವುದು’ ಎನ್ನುತ್ತಿದ್ದರು. ಮೊದಮೊದಲು ಪೆಟ್ರೋಲು ಉಳಿಸಲು ಶುರುವಾದದ್ದು ಬರಬರುತ್ತ ಹೆಚ್ಚುಗಾರಿಕೆಯಾಯಿತು. ಯಾರು ಯಾವ ಮೋರಿಯಿಂದ ಯಾವ ಮೋರಿಯವರೆಗೆ ಬ್ರೇಕು ಮುಟ್ಟದೆ ತೇಲಿಸಿದ ಎನ್ನುವುದರ ಮೇಲೆ ಕಾಫಿ ಹೋಟೆಲಿನಲ್ಲಿ ಅವನ ಮರ್ಯಾದೆ ತೀರ್ಮಾನವಾಗುತ್ತಿತ್ತು. ಗೇರಿನಲ್ಲಿ ಇಳಿದು ಬಂದವನನ್ನು ‘ಬಾರಮ್ಮಾ, ಬಾ’ ಎಂದು ಕರೆದು ಬೆಂಚಿನ ತುದಿಯಲ್ಲಿ ಕೂರಿಸುತ್ತಿದ್ದರು.

ಇದು ಎಂಥ ಮೂರ್ಖತನ ಎನ್ನುವುದನ್ನು ನಾನು ವಿವರಿಸಲೇಬೇಕು, ನನಗೆ ತಡೆಯಲಾಗುವುದಿಲ್ಲ. ಎತ್ತಿನ ಗಾಡಿ ಇಳಿಜಾರಿನಲ್ಲಿ ಇಳಿಯುವಾಗ ಎತ್ತು ಕಾಲು ಊರಿ, ನೊಗವನ್ನು ಕೊರಳಿನಿಂದ ಹಿಂದಕ್ಕೆ ಒತ್ತಿ ಹಿಡಿಯುತ್ತದಲ್ಲ? ಗಾಡಿ ಗೇರಿನಲ್ಲಿದ್ದರೆ ಇಂಜಿನ್ನು ಅದೇ ಕೆಲಸ ಮಾಡುತ್ತದೆ. ನ್ಯೂಟ್ರಲ್ಲಿಗೆ ತಳ್ಳಿದಿರೋ, ಇಳಿಜಾರಿನ ನಡುವೆ ಎತ್ತಿನ ಕೊರಳು ಬಿಚ್ಚಿ ಓಡಿಸಿದ ಹಾಗೆ. ಆಮೇಲೆ ಉಳಿಯುವುದು ಬ್ರೇಕು ಒಂದೇ. ನಮ್ಮದು ಕಂಬಿಯ ಬ್ರೇಕು. ಬಿಸಿಯಾದರೆ ಕಾಲು ತಳಕ್ಕೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಅಕ್ಕನ ಗಂಡ, ನನ್ನ ಭಾವ, ಸತ್ತದ್ದು ಹಾಗೆಯೇ. ಪೆಟ್ರೋಲಿಗೆ ಕೂಪನ್ನು ಬಂದ ಹೊಸತು. ಅವರು ಇದೇ ಹಸಿರು ಬಸ್ಸಿನ ಡ್ರೈವರು, ನಾನು ಆಗ ಷೆಡ್ಡಿನಲ್ಲಿ ತೊಳೆಯುವವನು. ಹರಿಹರಪುರ ದಾಟಿ ಶೃಂಗೇರಿಯ ಕಡೆ ಹೋಗುವಾಗ ಒಂದು ಉದ್ದನೆಯ ಇಳಿಜಾರು ಸಿಗುತ್ತದೆ. ಎಡಕ್ಕೆ ಆಳೆತ್ತರದ ಮಣ್ಣಿನ ಧರೆ, ಬಲಕ್ಕೆ ಕೆಳಗೆ ತುಂಗೆ. ತಳದಲ್ಲಿ ರಸ್ತೆ ಥಟ್ಟನೆ ಎಡಕ್ಕೆ ತಿರುಗುತ್ತದೆ. ತಿರುವಿನ ಹೊರಬದಿಯಲ್ಲಿ, ಹೊಳೆಯ ಅಂಚಿಗೆ, ಒಂದು ಧೂಪದ ಮರ. ಭಾವ ಮೇಲಿನಿಂದ ತೇಲಿಸಿಕೊಂಡು ಬಂದರು, ಬ್ರೇಕು ಹಿಡಿಯಲಿಲ್ಲ, ಗಾಡಿ ತಿರುಗಲಿಲ್ಲ. ಮರ ಇದ್ದದ್ದರಿಂದ ಬಸ್ಸು ಹೊಳೆಗೆ ಬೀಳಲಿಲ್ಲ, ಜನ ಬದುಕಿದರು. ಮರ ಇದ್ದದ್ದರಿಂದಲೇ ಭಾವ ಸತ್ತರು.

ಷೆಡ್ಡಿನಿಂದ ಹೋದವರಲ್ಲಿ ನಾನೂ ಇದ್ದೆ. ಸ್ಟೇರಿಂಗಿನ ಕಂಬ ಎದೆಗೂಡನ್ನು ಒಳಕ್ಕೆ ಒತ್ತಿಬಿಟ್ಟಿತ್ತು. ಹಾರೆಯಿಂದ ಮೀಟಿ ಅವರನ್ನು ಹೊರಗೆ ತೆಗೆದೆವು. ಬಾಯಿಯಲ್ಲಿ ಅರ್ಧ ಅಗಿದ ಎಲೆ ಅಡಿಕೆ ಇತ್ತು. ಗಲ್ಲದ ಮೇಲೆ ಇಳಿದ ಕೆಂಪಿನಲ್ಲಿ ಯಾವುದು ರಸ, ಯಾವುದು ರಕ್ತ ಎಂದು ತಿಳಿಯಲಿಲ್ಲ. ಅಕ್ಕ ಬಂದವಳು ಅಳಲಿಲ್ಲ. ನೇರ ಮರದ ಹತ್ತಿರ ಹೋಗಿ ಅದಕ್ಕೆ ಎರಡೂ ಕೈಯಿಂದ ಹೊಡೆದಳು, ಅಂಗೈ ಒಡೆಯುವವರೆಗೆ ಹೊಡೆದಳು. ಆಮೇಲೆ ಹಣೆ ಒಡೆದು ಕೂತಿದ್ದ ಕಂಡಕ್ಟರನನ್ನು ಕೇಳಿದಳು: “ಇಂಜಿನ್ ಸದ್ದು ಇತ್ತನಾ?”

“ಇಲ್ಲ ಅಕ್ಕಾ. ಬರೀ ಗಾಳಿ ಸದ್ದು.”

ಅಷ್ಟೇ. ಅವಳು ಅಂಗೈಯ ರಕ್ತವನ್ನು ಸೆರಗಿಗೆ ಒರೆಸಿ, ಹೋಗಿ ಭಾವನ ತಲೆಯ ಹತ್ತಿರ ಕೂತಳು.

ಸಾಹುಕಾರರು ಬಸ್ಸನ್ನು ರಿಪೇರಿ ಮಾಡಿಸಿದರು. ಯುದ್ಧದ ದೆಸೆಯಿಂದ ಹೊಸ ಸಾಮಾನು ಸಿಗುತ್ತಿರಲಿಲ್ಲ. ಡೊಂಕಾದ ಸ್ಟೇರಿಂಗನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ನೆಟ್ಟಗೆ ಮಾಡಿ ಮತ್ತೆ ಅದನ್ನೇ ಕೂರಿಸಿದರು. ನಾನು ಡ್ರೈವರಾದಾಗ ನನ್ನ ಕೈಗೆ ಬಂದದ್ದು ಅದೇ ಚಕ್ರ. ಬಲಗೈ ಹಿಡಿಯುವ ಕಡೆ ಒಂದು ತಗ್ಗು ಹಾಗೆಯೇ ಉಳಿದಿತ್ತು.

ಅಪ್ಪ ಅಮ್ಮ ಇಲ್ಲದ ನನಗೆ ಅಕ್ಕನ ಮನೆಯೇ ಮನೆ. ಭಾವ ಹೋದ ಮೇಲೆ ಅವಳು ಕೊಪ್ಪದ ಸುತ್ತ ಬಾಳೆ ಎಲೆ ಕೊಯ್ಯಿಸಿ, ಶೃಂಗೇರಿಯಲ್ಲಿ ಯಾತ್ರಿಕರು ಇಳಿಯುವ ಛತ್ರಗಳಿಗೂ ಹೋಟೆಲುಗಳಿಗೂ ದಿನಾ ಒಯ್ದು ಕೊಡುತ್ತಿದ್ದಳು. ಎಲೆ ಹರಿಯಬಾರದೆಂದು ಕಟ್ಟಿನ ಮೇಲೊಂದು ಕೆಳಗೊಂದು ಅಡಿಕೆ ಮರದ ಸೀಳು ಇಟ್ಟು ಬಿಗಿಯುತ್ತಾರೆ. ಅದಕ್ಕೆ ನಮ್ಮಲ್ಲಿ ದಬ್ಬೆ ಎನ್ನುತ್ತೇವೆ. ಕೈಯುದ್ದ ಇರುತ್ತದೆ, ಕಬ್ಬಿಣದಷ್ಟು ಗಟ್ಟಿ.

ನಾನು ಲೈಸನ್ಸು ತೋರಿಸಿದ ದಿನ ಅಕ್ಕ ಅದನ್ನು ತಿರುಗಿಸಿ ನೋಡಿ, ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಳು. ಮಾರನೆಯ ಬೆಳಗ್ಗೆ ಕೊಪ್ಪದಲ್ಲಿ ಎಲೆಯ ಕಟ್ಟುಗಳನ್ನು ಹಿಂದೆ ಹಾಕಿಸಿ, ಒಂದು ದಬ್ಬೆ ಕೈಯಲ್ಲಿ ಹಿಡಿದು, ಸೀದಾ ನನ್ನ ಬೆನ್ನ ಹಿಂದಿನ ಸೀಟಿಗೆ ಬಂದು ಕೂತಳು.

“ನಂಗೆ ಗೇರು ಗೊತ್ತಿಲ್ಲ, ಬ್ರೇಕು ಗೊತ್ತಿಲ್ಲ,” ಎಂದಳು. “ಕಿವಿ ಇದೆ. ಸದ್ದು ನಿಂತ್ರೆ ಪೆಟ್ಟು.”

ತಮಾಷೆ ಎಂದುಕೊಂಡೆ. ಊರು ದಾಟಿದ ಮೇಲೆ ಸಣ್ಣ ಇಳಿಜಾರು, ದನ ಇಳಿಯುವಂಥದ್ದು. ಪೆಟ್ರೋಲು ಉಳಿಸಲು ತೇಲಿಸಲೇಬೇಕೆಂದು ಸಾಹುಕಾರರ ಹುಕುಂ ಇತ್ತು, ಇಂಜಿನ್ ಬಂದ್ ಮಾಡಿದೆ. ಮರುಕ್ಷಣ ಬಲ ಹೆಗಲಿನ ಮೇಲೆ ಬೆಂಕಿ ಬಿದ್ದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಹಿಂದೆ ಇಡೀ ಬಸ್ಸು ನಕ್ಕಿತು.

“ಅಕ್ಕಾ! ಎಲ್ಲಾ ಇಳಿಜಾರೂ ಒಂದೇ ಅಲ್ಲ ಮಾರಾಯ್ತಿ! ಇದ್ರಲ್ಲಿ ಎಂತ ಆಗದಿಲ್ಲ!”

“ಸಣ್ಣದ್ರಲ್ಲಿ ಬಿಟ್ಟ ಕೈ ದೊಡ್ಡದ್ರಲ್ಲೂ ಬಿಡ್ತದೆ. ಗೇರು ಹಾಕು.”

ನಾನು ಮೋಟಾರು ಬಲ್ಲವನು, ಒಂದು ಉಪಾಯ ಹೂಡಿದೆ. ಇಂಜಿನ್ ಬಂದ್ ಮಾಡದೆ, ಅದು ಸಣ್ಣಗೆ ಗೊರಗೊರ ಎನ್ನುತ್ತಿರುವಾಗಲೇ ಗೇರು ಮಾತ್ರ ತಪ್ಪಿಸಿದೆ. ಸದ್ದು ಇದೆಯಲ್ಲ! ಪೆಟ್ಟು ಬೆರಳ ಗೆಣ್ಣಿಗೆ ಬಿತ್ತು.

“ಸದ್ದು ಇದೆ ಅಕ್ಕಾ!”

“ನಾಯಿ ಗುರ್ ಅನ್ನದಕ್ಕೂ ಬೊಗಳದಕ್ಕೂ ವ್ಯತ್ಯಾಸ ಗೊತ್ತಾಗದಿಲ್ವನಾ ನಂಗೆ? ಬೊಗಳಿಸು ಅದನ್ನ.”

ಹೆಗಲು, ಬೆನ್ನು, ಗೆಣ್ಣು, ಎಲ್ಲ ಕಡೆ ಬಾಸುಂಡೆ. ಸ್ನಾನಕ್ಕೆ ನೀರು ಹೊಯ್ದುಕೊಂಡರೆ ಉರಿ. ರಾತ್ರಿ ಅವಳೇ ಎಣ್ಣೆ ಕಾಯಿಸಿ ಹಚ್ಚುವಳು, ಬೆಳಗ್ಗೆ ಅವಳೇ ಬಾರಿಸುವಳು. ಎಣ್ಣೆ ಹಚ್ಚುವಾಗ ಬೆರಳು ಮೆತ್ತಗಿರುತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದನ್ನೂ ಸಿಟ್ಟಿನಲ್ಲೇ ತಿಕ್ಕುತ್ತಿದ್ದಳು.

ಸುದ್ದಿ ಸಾಹುಕಾರರಿಗೆ ಮುಟ್ಟಿತು. ಒಂದು ಬೆಳಗ್ಗೆ ಬಸ್ಸು ನಿಲ್ಲುವ ಕಡೆಗೇ ಬಂದರು.

“ಏನಾ, ಪೆಟ್ರೋಲು ಜಾಸ್ತಿ ಕುಡಿತಾ ಇದೆ ನಿನ್ನ ಗಾಡಿ. ತೇಲ್ಸು ಅಂದಿದ್ನಲ್ಲ? ನಿಮ್ಮ ಅಕ್ಕನ್ನ ನಾಳೆಯಿಂದ ಕೊನೇ ಸೀಟಿಗೆ ಕೂರ್ಸು. ಇಲ್ದಿದ್ರೆ ಕೀ ಇಲ್ಲಿ ಕೊಟ್ಟು ಮನೆಗೆ ಹೋಗು.”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತು, ದಬ್ಬೆಯಿಂದ ಸ್ಟೇರಿಂಗಿನ ಮೇಲೆ ಒಂದು ಬಾರಿಸಿದಳು. ಠಣ್ ಎಂದಿತು.

“ಸಾಹುಕಾರ್ರೇ, ಈ ಡೊಂಕು ಎದೆಯಿಂದ ಆಗಿದ್ದು. ನನ್ನ ಗಂಡನ ಎದೆಯಿಂದ. ಆವತ್ತು ನಿಮ್ಗೆ ಪೆಟ್ರೋಲು ಉಳೀತನಾ? ಇವನನ್ನ ಇಳಿಸದಾದ್ರೆ ಇಳಿಸಿ. ನೀವೇ ಕೂತು ತೇಲ್ಸಿ. ನಾನು ಹಿಂದೆ ಕೂತು ನೋಡ್ತೀನಿ.”

ಸುತ್ತ ಜನ ಸೇರಿತ್ತು. ಸಾಹುಕಾರರ ಮುಖ ಕೆಂಪಾಯಿತು. ಅವರು ತಿರುಗಿ ನನ್ನ ಕಪಾಳಕ್ಕೆ ಒಂದು ಬಿಟ್ಟರು, ಹೋದರು. ಬೇರೆ ಡ್ರೈವರು ಎಲ್ಲಿಂದ ತರುತ್ತಾರೆ? ಕೀ ನನ್ನ ಹತ್ತಿರವೇ ಉಳಿಯಿತು. ಮೇಲಿನಿಂದ ಸಾಹುಕಾರರ ಏಟು, ಹಿಂದಿನಿಂದ ಅಕ್ಕನ ಏಟು, ನಡುವೆ ನಾನು ಎರಡನೇ ಗೇರಿನಲ್ಲಿ.

ಇದಕ್ಕಿಂತ ಕೆಟ್ಟದ್ದು ಕೆಂಪು ಬಸ್ಸಿನ ಡ್ರೈವರನ ಕಾಟ. ಅದೇ ದಾರಿಯಲ್ಲಿ ಓಡುತ್ತಿದ್ದ ಇನ್ನೊಬ್ಬ ಸಾಹುಕಾರರ ಬಸ್ಸು ಅದು. ಅವನು ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಗಟ್ಟಿ ಆಳು, ತಲೆಗೆ ಯಾವಾಗಲೂ ಓರೆಯಾಗಿ ಒಂದು ಕರಿಟೋಪಿ. ಆ ಕಡೆಯ ಎಲ್ಲರಿಗಿಂತ ಉದ್ದಕ್ಕೆ ತೇಲಿಸುವವನು ಅವನೇ ಎಂದು ಹೆಸರು. ಜನರಿಗಾಗಿ ಎರಡು ಬಸ್ಸುಗಳ ನಡುವೆ ದಿನಾ ಹೊಡೆದಾಟ. ಯಾತ್ರಿಕರ ಗಂಟನ್ನು ನಮ್ಮ ಕಂಡಕ್ಟರ ಒಂದು ಕಡೆ, ಅವರ ಕಂಡಕ್ಟರ ಇನ್ನೊಂದು ಕಡೆ ಎಳೆದು, ಗಂಟು ಹರಿದು, ಅಕ್ಕಿ ರಸ್ತೆಯ ಮೇಲೆ ಚೆಲ್ಲಿ, ಅಂಗಿ ಹರಿದು, ಮೂಗು ಒಡೆದು, ಕೊನೆಗೆ ಯಾತ್ರಿಕರು ನಡೆದೇ ಹೋಗುತ್ತೇವೆ ಎನ್ನುವಷ್ಟು.

“ಏ ಹಸುಗೂಸೇ!” ಎಂದು ಅವನು ಕಿಟಕಿಯಿಂದ ಕೂಗುವನು. “ಅಕ್ಕನ್ನ ಕೇಳಿ ಗೇರು ಹಾಕ್ತಿಯನಾ? ಮೂಗು ಒರೆಸ್ತಾಳನಾ?”

ಅದನ್ನೆಲ್ಲ ನುಂಗಿಕೊಂಡಿದ್ದೆ. ಒಂದು ದಿನ ಕೊಪ್ಪದ ಹೋಟೆಲಿನಲ್ಲಿ, ಕಾಫಿ ಲೋಟ ಕೈಯಲ್ಲಿ ಹಿಡಿದು, ನಾಲ್ಕು ಜನರ ಮುಂದೆ ಅವನು ಹೇಳಿದ: “ತೇಲಿಸಿದ್ದಕ್ಕೆ ಸತ್ತಿದ್ದಲ್ಲ ಮಾರಾಯ ಇವನ ಭಾವ. ತೇಲ್ಸಕ್ಕೆ ಬರ್ತಿರ್ಲಿಲ್ಲ, ಅದಕ್ಕೆ ಸತ್ತ. ಅಷ್ಟು ಬೇಗ ಬ್ರೇಕು ತುಳಿದ್ರೆ ಬಿಸಿ ಆಗದೆ ಇರ್ತದನಾ?”

ಕೂತವರಲ್ಲಿ ಇಬ್ಬರು ‘ಹೌದು’ ಎಂದು ತಲೆ ಆಡಿಸಿದರು. ನನಗೆ ಈಗಲೂ ಮೈ ಉರಿಯುವುದು ಅವನ ಮಾತಿಗಲ್ಲ, ಆ ತಲೆಗಳಿಗೆ. ಒಬ್ಬ ಮನುಷ್ಯ ಎದೆ ಒಡೆದು ಸತ್ತರೆ ಇವರಿಗೆ ಅದರಿಂದ ತಿಳಿದದ್ದು ಇಷ್ಟು! ನಾನು ಬೆಂಚು ಹಾರಿ ಅವನ ಮೇಲೆ ಬಿದ್ದೆ. ಬಿಸಿ ಕಾಫಿ ಇಬ್ಬರಿಗೂ ಸುರಿಯಿತು. ನಾನು ಅವನ ಹುಬ್ಬು ಒಡೆದೆ. ಅವನು ನನ್ನ ತಲೆಯನ್ನು ಹೋಟೆಲಿನ ಕಂಬಕ್ಕೆ ಕುಟ್ಟಿದ, ಒಂದು ಹಲ್ಲು ನಾಲಿಗೆಯ ಮೇಲೆ ಬಂದು ಕೂತಿತು. ಹೋಟೆಲಿನವರು ನೀರು ಎರಚಿ ಬಿಡಿಸಿದರು.

ಅಕ್ಕ ನನ್ನ ಮುಖ ನೋಡಿ ಯಾರು ಹೊಡೆದದ್ದು ಎಂದು ಕೇಳಿದಳು. ಹೇಳಿದೆ. ಅವನು ಅಂದದ್ದನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಎಲೆಯನ್ನು ಮಡಿಸಿಟ್ಟಳು. “ಅವನೂ ಸಾಯ್ತಾನೆ,” ಎಂದಳು. ಶಾಪದ ಹಾಗೆ ಅಲ್ಲ. ನಾಳೆ ಸಂತೆ ಇದೆ ಎನ್ನುವ ಹಾಗೆ.

ಅದಾಗಿ ಸ್ವಲ್ಪ ಕಾಲಕ್ಕೆ, ಚಳಿಗಾಲದ ಒಂದು ಬೆಳಗ್ಗೆ. ಬಸ್ಸಿನ ತುಂಬ ಜನ. ಹರಿಹರಪುರದಲ್ಲಿ ಕೆಂಪು ಬಸ್ಸಿನವರು ಜನ ಹತ್ತಿಸಲು ಜಗಳ ಆಡುತ್ತ ನಿಂತಿದ್ದರು. ನಾವು ಮೊದಲು ಹೊರಟೆವು. ಅವನು ಬಿಡುವವನೇ? ಹಿಂದೆಯೇ ಬರುತ್ತಾನೆ ಎಂದು ಗೊತ್ತಿತ್ತು. ಉದ್ದನೆಯ ಇಳಿಜಾರಿನ ತಲೆಗೆ ಬಂದು, ಎಂದಿನ ಹಾಗೆ ಗಾಡಿಯನ್ನು ಎರಡನೇ ಗೇರಿಗೆ ಇಳಿಸಿ, ಇಂಜಿನ್ ಬೊಗಳಿಸುತ್ತ ಇಳಿಯತೊಡಗಿದೆ. ಕಾಲು ಭಾಗ ಇಳಿದಿರಬಹುದು. ಹಿಂದಿನಿಂದ ರಬ್ಬರು ಹಾರ್ನು ಕೇಳಿಸಿತು. ಪೋಂ, ಪೋಂ, ಪೋಂ, ಉಸಿರು ಬಿಡದೆ.

“ದಾರಿ ಕೇಳ್ತಾ ಇದಾನೆ, ಕೇಳ್ಲಿ,” ಎಂದೆ.

ಬಾಗಿಲಿನಲ್ಲಿ ನೇತಾಡುತ್ತಿದ್ದ ನಮ್ಮ ಕಂಡಕ್ಟರ ಹಿಂದಕ್ಕೆ ಬಗ್ಗಿ ನೋಡಿ ಕಿರುಚಿದ: “ದಾರಿ ಕೇಳದಲ್ಲ ಮಾರಾಯ! ತೇಲ್ತಾ ಬರ್ತಾ ಇದಾನೆ! ಚಕ್ರದಿಂದ ಹೊಗೆ! ಬ್ರೇಕು ಹೋಗಿದೆ ಅವಂದು!”

ಅಕ್ಕ ಕಿವಿ ಕೊಟ್ಟಳು. “ಸದ್ದಿಲ್ಲ,” ಎಂದಳು.

“ಎಡಕ್ಕೆ ಒತ್ತಾ! ಧರೆಗೆ ಒತ್ತಿ ದಾರಿ ಬಿಡು, ಅವ ಹೋಗ್ಲಿ!” ಎಂದು ಕಂಡಕ್ಟರ ಕೂಗಿದ.

ದಾರಿ ಬಿಡಬಹುದಿತ್ತು. ಬಿಟ್ಟರೆ ಅವನು ನಮ್ಮನ್ನು ದಾಟಿ ಹೋಗಿ, ತಿರುವಿನಲ್ಲಿ ತಿರುಗಲಾರದೆ, ಧೂಪದ ಮರಕ್ಕೆ ಹೊಡೆಯುತ್ತಿದ್ದ. ಮರ ತಪ್ಪಿದರೆ ತುಂಗೆ. ಅವನ ಗಾಡಿಯಲ್ಲೂ ನಮ್ಮಷ್ಟೇ ಜನ. ಇನ್ನೊಂದು ದಾರಿ ಇತ್ತು. ನಮ್ಮ ಗಾಡಿ ಗೇರಿನಲ್ಲಿದೆ. ನಮ್ಮ ಬ್ರೇಕು ತಣ್ಣಗಿದೆ. ಅವನು ಬಂದು ನಮಗೇ ಹೊಡೆಯಲಿ.

ನಾನು ಹೇಳುವ ಮೊದಲು ಅಕ್ಕ ಹೇಳಿದಳು: “ಬಿಡಬ್ಯಾಡ. ಅಲ್ಲಿ ಮರ ಇದೆ.”

“ಅಕ್ಕಾ, ಹಿಂದಿನ ಸೀಟಲ್ಲಿ ಜನ!”

“ಅದು ನಂಗೆ ಬಿಡು.”

ಎದ್ದಳು. ಎದ್ದವಳೇ ದಬ್ಬೆ ಬೀಸಿದಳು. ನನಗೆ ನೋಡಲು ಆಗುತ್ತಿರಲಿಲ್ಲ, ಕೇಳುತ್ತಿತ್ತು. ಠಪ್, ಠಪ್, ಕಾಲಿಗೆ, ಬೆನ್ನಿಗೆ, ಸೀಟಿನ ಹಲಗೆಗೆ. “ಏಳಿ! ಮುಂದೆ ಬನ್ನಿ! ಏಳಿ ಅಜ್ಜಾ, ಗಂಟು ಆಮೇಲೆ! ಗಂಟು ಬಿಡಿ ಅಂದ್ನಲ್ಲ!” ಯಾರೋ ದಪ್ಪ ದನಿಯ ಯಾತ್ರಿಕರು “ಏನಮ್ಮಾ ಇದು, ಹುಚ್ಚು ಹಿಡಿದಿದೆಯೇ” ಎನ್ನುವಷ್ಟರಲ್ಲಿ ಠಪ್. ಮಾತು ‘ಅಯ್ಯೋ’ದಲ್ಲಿ ಮುಗಿಯಿತು. ಮಕ್ಕಳು ಅತ್ತವು, ಹೆಂಗಸರು ಬೈದರು. ಇಡೀ ಹಿಂಭಾಗದ ಜನ ಒಬ್ಬರ ಮೇಲೊಬ್ಬರು ಮುಂದಕ್ಕೆ ಬಿದ್ದು, ನನ್ನ ಬೆನ್ನಿಗೆ ಯಾರದೋ ಮೊಣಕೈ ಒತ್ತಿತು. ಹಿಂದೆ ಉಳಿದದ್ದು ಎಲೆಯ ಕಟ್ಟುಗಳು ಮಾತ್ರ.

ಇಲ್ಲಿ ಒಂದು ಮಾತು ಹೇಳಬೇಕು. ನಿಂತವನ ಬೆನ್ನಿಗೆ ಓಡುವವನು ಹೊಡೆದರೆ ಇಬ್ಬರ ಎಲುಬೂ ಮುರಿಯುತ್ತದೆ. ಓಡುವವನ ಬೆನ್ನಿಗೆ ಓಡುವವನು ಹೊಡೆದರೆ ಪೆಟ್ಟು ಕಡಿಮೆ. ಹಾಗಾಗಿ ನಾನು ಬ್ರೇಕು ಹಿಡಿಯಲಿಲ್ಲ. ಎಕ್ಸಿಲೇಟರು ತುಳಿದೆ. ಎರಡನೇ ಗೇರಿನಲ್ಲಿ ಇಂಜಿನ್ನು ಕೊಯ್ಯಿಸಿಕೊಳ್ಳುವ ಹಂದಿಯ ಹಾಗೆ ಕಿರುಚಿತು. ಕೆಳಗೆ ಮರ ಕಂಡಿತು.

ಆಮೇಲೆ ಅವನು ಬಂದು ಹೊಡೆದ.

ತಗಡು ಹರಿಯುವ ಸದ್ದು, ಗಾಜು, ಹಲಗೆ ಮುರಿದದ್ದು. ನನ್ನ ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು, ಸ್ಟೇರಿಂಗು ಎದೆಗೆ ಗುದ್ದಿತು. ಭಾವನ ಎದೆಯ ತಗ್ಗಿನ ಮೇಲೆಯೇ ನನ್ನ ಎದೆ. ಆಗ ಬ್ರೇಕು ತುಳಿದೆ, ಎರಡೂ ಕಾಲಿನಿಂದ ನಿಂತು ತುಳಿದೆ. ಗೇರಿನ ಕೋಲು ಜಾರದಂತೆ ಕಂಡಕ್ಟರ ಅದರ ಮೇಲೆ ಬಿದ್ದು ಹಿಡಿದ. ಹಿಂದಿನ ಗಾಡಿ ನಮ್ಮನ್ನು ನೂಕುತ್ತಿದೆ, ನಮ್ಮ ಗಾಡಿ ತಡೆಯುತ್ತಿದೆ. ಎಡಕ್ಕೆ ಎಳೆದು ಧರೆಗೆ ಉಜ್ಜಿಸಿದೆ. ಕಿಟಕಿಯ ಚೌಕಟ್ಟುಗಳು ಒಂದೊಂದಾಗಿ ಕಿತ್ತು ಹಾರಿದವು; ಮಣ್ಣು, ಬೇರು, ಕಲ್ಲು ಒಳಕ್ಕೆ ಸುರಿಯಿತು. ಯಾರದೋ ಕಿವಿ ಹರಿದು ರಕ್ತ ನನ್ನ ಅಂಗಿಯ ಮೇಲೆ ಚಿಮ್ಮಿತು. ಮರ ದೊಡ್ಡದಾಗುತ್ತ ಬಂತು. ಅದರ ಹಳೆಯ ಗಾಯ ಕಂಡಿತು, ಗಾಯದಿಂದ ಇಳಿದು ಗಟ್ಟಿಯಾಗಿದ್ದ ಅಂಟು ಕಂಡಿತು.

ಬಸ್ಸು ನಿಂತಿತು. ನಿಂತು, ಒಮ್ಮೆ ಅದುರಿ, ಇಂಜಿನ್ನು ಸತ್ತಿತು.

ಸದ್ದು ನಿಂತಿತು.

ನೀವು ಇಷ್ಟು ಹೊತ್ತು ಕಾದದ್ದು ಇದಕ್ಕೆ. ಎಡಗಿವಿಯ ಹಿಂದೆ ಬಿತ್ತು ಪೆಟ್ಟು. ಅಲ್ಲಿಯವರೆಗೆ ತಿಂದದ್ದೆಲ್ಲ ಅದರ ಮುಂದೆ ಸವರಿದ ಹಾಗೆ. ಕಣ್ಣ ಮುಂದೆ ಬೆಳ್ಳಗಾಗಿ, ನಾನು ಸ್ಟೇರಿಂಗಿನ ಮೇಲೆ ಬಿದ್ದೆ. ದಬ್ಬೆ ಉದ್ದಕ್ಕೆ ಎರಡು ಸೀಳಾಯಿತು.

“ಸದ್ದು ನಿಂತ್ತು!” ಅಕ್ಕ ಕೂಗುತ್ತಿದ್ದಳು. “ಸದ್ದು ನಿಂತ್ತಲ್ಲಾ ತಮ್ಮಾ! ಸದ್ದು ನಿಂತ್ತು!”

“ಅಕ್ಕಾ, ಗಾಡಿ ನಿಂತಿದೆ!” ಕಂಡಕ್ಟರ ಅವಳ ಕೈ ಹಿಡಿದ. “ಗಾಡಿಯೇ ನಿಂತಿದೆ ಅಕ್ಕಾ! ಬದುಕಿದ್ವಿ!”

ಅವಳಿಗೆ ಅದು ಕೇಳಲಿಲ್ಲ. ಮರದ ಕಡೆ ನೋಡಿದಳು. ಕೈಯಲ್ಲಿದ್ದ ಎರಡು ಸೀಳು ನೋಡಿದಳು. ನನ್ನ ಕೂದಲು ಹಿಡಿದು ತಲೆ ಎತ್ತಿ, ಮುಖ ನೋಡಿ, ಮತ್ತೆ ಬಿಟ್ಟಳು.

ಸತ್ತವರು ಯಾರೂ ಇಲ್ಲ. ಗಾಯ ಆಗದವರೂ ಹೆಚ್ಚು ಜನ ಇಲ್ಲ. ನಮ್ಮ ಹಿಂದಿನ ಸೀಟು ಇದ್ದ ಜಾಗದಲ್ಲಿ ಕೆಂಪು ಬಸ್ಸಿನ ಮೂತಿ ಹೊಕ್ಕಿತ್ತು, ಸುತ್ತ ಹರಿದ ಬಾಳೆ ಎಲೆ. ನಾನು ತೂರಾಡುತ್ತ ಇಳಿಯುವಷ್ಟರಲ್ಲಿ ಅಲ್ಲಿ ಇನ್ನೊಂದು ಗಲಾಟೆ ಎದ್ದಿತ್ತು. ಕೆಂಪು ಬಸ್ಸಿನ ಜನ ತಮ್ಮ ಡ್ರೈವರನನ್ನೇ ಹೊರಗೆ ಎಳೆದು ಬಡಿಯುತ್ತಿದ್ದರು. ಕೊಡೆ, ಚಪ್ಪಲಿ, ಕೈಗೆ ಸಿಕ್ಕಿದ್ದು. ಅವನ ಬಲಗೈ ಮೊಣಕೈಯ ಕೆಳಗೆ ಬಾಗಬಾರದ ಕಡೆಗೆ ಬಾಗಿತ್ತು. ಅದರ ಮೇಲೂ ಒಬ್ಬ ತುಳಿದ. ಅವನು ಕೂಗಿದ ಕೂಗು ಹೊಳೆಯಾಚೆಗೂ ಕೇಳಿಸಿರಬೇಕು. ಕರಿಟೋಪಿ ಕೆಸರಿನಲ್ಲಿ ಬಿದ್ದಿತ್ತು.

ಅಕ್ಕ ಹೋದಳು. ಜನ ದಾರಿ ಬಿಟ್ಟರು. ಇವಳ ಗಂಡ ಈ ಮರಕ್ಕೇ ಹೊಡೆದು ಸತ್ತದ್ದು ಎಂದು ಗೊತ್ತಿದ್ದವರು, ಇವಳ ಪಾಲಿನ ಏಟು ಇವಳು ಹೊಡೆಯಲಿ ಎಂದು ಸರಿದರು. ನಾನೂ ಹಾಗೆಯೇ ಅಂದುಕೊಂಡೆ. ಸುಳ್ಳು ಯಾಕೆ, ಹೊಡೆಯಲಿ ಎಂದೇ ಕಾದೆ. ಅವಳು ಸೀಳು ಎತ್ತಿ, ಅವನ ಕೈ ತುಳಿದವನ ಮಂಡಿಗೆ ಬಾರಿಸಿದಳು. ಇನ್ನೊಬ್ಬನ ಬೆನ್ನಿಗೆ. ಜನ ಚದುರಿತು.

ಅವನು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ರಸ್ತೆಯಲ್ಲಿ ಕೂತಿದ್ದ. ಅಕ್ಕ ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

“ನಿಂಗೆ ಹೊಡೆಯೋರು ಯಾರೂ ಇಲ್ವನಾ ಮನೇಲಿ?”

ಅವನಿಗೆ ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು.

“ಇಲ್ಲ ಅಕ್ಕಾ,” ಎಂದ. “ಅವ್ವ ಹೋಗಿ ಸುಮಾರು ಕಾಲ ಆತು.”

ಅವಳು ಸೆರಗಿನ ತುದಿ ಹರಿದಳು. ನನ್ನ ತಲೆಯ ಮೇಲೆ ಸೀಳಾದ ದಬ್ಬೆಯ ಎರಡು ಹೋಳನ್ನು ಅವನ ಮುರಿದ ಕೈಯ ಆಚೆ ಈಚೆ ಇಟ್ಟು, ಎಲೆಯ ಕಟ್ಟು ಬಿಗಿಯುವ ಹಾಗೆ ಬಿಗಿದಳು. ಅವನು ಹಲ್ಲು ಕಚ್ಚಿ ಅತ್ತ. ಕೊಪ್ಪದ ಆಸ್ಪತ್ರೆಯಲ್ಲಿ ಡಾಕ್ಟರು ಕಟ್ಟು ನೋಡಿ, ಇದನ್ನು ಯಾರು ಕಟ್ಟಿದರು, ಚೆನ್ನಾಗಿದೆ ಎಂದರಂತೆ.

ನಮ್ಮ ಸಾಹುಕಾರರು ಬಸ್ಸಿನ ಹಿಂಭಾಗ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಆಮೇಲೆ ತೇಲಿಸು ಎನ್ನುವ ಮಾತನ್ನು ಅವರು ಮತ್ತೆ ಆಡಿದ್ದು ನಾನು ಕೇಳಿಲ್ಲ. ಹೋಟೆಲಿನಲ್ಲಿ ಮಾತ್ರ ಮಾತು ನಿಲ್ಲಲಿಲ್ಲ. ಕೆಂಪು ಬಸ್ಸಿನವನು ಎರಡು ಮೋರಿ ಮೊದಲೇ ಗೇರಿಗೆ ಬಂದಿದ್ದರೆ ಸರಿಹೋಗುತ್ತಿತ್ತು ಎಂದು ಒಬ್ಬ ಹೇಳುತ್ತಿದ್ದ. ನಾನು ಕಾಫಿ ಕುಡಿದು ಎದ್ದುಬಂದೆ. ಈ ಸಲ ಹಲ್ಲು ಉಳಿಸಿಕೊಂಡೆ.

ಮುಂದಿನ ಬೇಸಗೆಯ ಹೊತ್ತಿಗೆ ಎರಡೂ ಬಸ್ಸು ಮತ್ತೆ ರಸ್ತೆಗೆ ಇಳಿದವು. ಕೆಂಪು ಬಸ್ಸಿಗೆ ಅವನೇ ಡ್ರೈವರು. ಕೈ ಸ್ವಲ್ಪ ಸೊಟ್ಟ ಕೂಡಿತ್ತು. ಅವನು ಗಾಡಿ ತೆಗೆದ ಮೊದಲ ಬೆಳಗ್ಗೆ ನಾನು ಅಕ್ಕನ ಸೀಟು ಒರೆಸಿ ಇಟ್ಟುಕೊಂಡು ಕಾಯುತ್ತಿದ್ದೆ. ಅವಳು ಬಂದಳು. ಎಲೆಯ ಕಟ್ಟುಗಳನ್ನು ಕೆಂಪು ಬಸ್ಸಿಗೆ ಹಾಕಿಸಿದಳು.

“ಎಂತ ಅಕ್ಕಾ ಇದು? ಅಲ್ಲಿಗೆ ಎಂತಕ್ಕೆ?”

“ನಿಂಗೆ ಕಲ್ತಾತು. ಅವ್ನಿಗೆ ಆಗ್ಲಿಲ್ಲ.”

“ಅವ ಭಾವಂಗೆ ಅಂದಿದ್ದು ಮರೆತ್ಯನಾ?”

“ಮರೆತಿಲ್ಲ. ಅದಕ್ಕೆ ಹೊಸ ದಬ್ಬೆ ತಂದಿದೀನಿ,” ಎಂದಳು. ತೋರಿಸಿದಳು ಕೂಡ. ನನ್ನದಕ್ಕಿಂತ ದಪ್ಪನೆಯದು.

ಈಗ ನನ್ನ ಹಿಂದಿನ ಸೀಟಿನಲ್ಲಿ ಯಾರು ಯಾರೋ ಕೂರುತ್ತಾರೆ. ಇಳಿಜಾರಿನ ತಲೆಗೆ ಬಂದು ಗೇರಿಗೆ ಕೈ ಹೋದಾಗ ನನ್ನ ಹೆಗಲಿನ ಚರ್ಮ ತಾನಾಗಿಯೇ ಬಿಗಿಯುತ್ತದೆ. ಎರಡೂ ಬಸ್ಸಿನ ಹೊತ್ತು ಈಗ ಬೇರೆ ಬೇರೆ; ನಾನು ವಾಪಸು ಏರುವಾಗ ಎದುರಿನಿಂದ ಇಳಿದು ಬರುವ ಕೆಂಪು ಬಸ್ಸು ಎಷ್ಟೋ ಸಲ ಅದೇ ಇಳಿಜಾರಿನಲ್ಲಿ ಸಿಗುತ್ತದೆ. ಕಾಣುವ ಮೊದಲೇ ಕೇಳುತ್ತದೆ, ಬೊಗಳುತ್ತ ಬರುತ್ತದೆ. ಅವನು ಒಂದು ಬೆರಳು ಎತ್ತುತ್ತಾನೆ, ನಾನೂ ಎತ್ತುತ್ತೇನೆ. ಅವನ ಬೆನ್ನ ಹಿಂದೆ ಅಕ್ಕ, ಮಡಿಲಲ್ಲಿ ದಬ್ಬೆ. ಒಂದು ದಿನವೂ ನನ್ನ ಕಡೆ ನೋಡಿದವಳಲ್ಲ. ಅವಳು ಕೇಳಿಸಿಕೊಳ್ಳುತ್ತಿರುತ್ತಾಳೆ.

ನಿಮ್ಮಲ್ಲಿ ಹೊಸದಾಗಿ ಲೈಸನ್ಸು ತೆಗೆದವರಿರಬಹುದು, ಮನೆಯ ಹುಡುಗನ ಕೈಗೆ ಸ್ಟೇರಿಂಗು ಕೊಟ್ಟು ಹಿಂದೆ ಜೀವ ಹಿಡಿದು ಕೂತವರೂ ಇರಬಹುದು. ನಿಮ್ಮ ಹಿಂದೆ ಯಾರು ಕೂತಿದ್ದರು? ಯಾವುದರಿಂದ ಹೊಡೆದರು, ಅಥವಾ ಹೊಡೆಯದೆ ಹೇಗೆ ಕಲಿಸಿದರು? ಬುಗುಟು ಇದ್ದರೆ ಎಲ್ಲಿದೆ? ನಾಲ್ಕು ಸಾಲು ಬರೆದು ತಿಳಿಸಿ. ಹೊಡೆಯದೆ ಕಲಿಸುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬೇಗ ಬರೆಯಿರಿ. ಕೆಂಪು ಬಸ್ಸಿನವನು ಕೇಳುತ್ತಿದ್ದಾನೆ.